ಗಣಿ ಮುಚ್ಚಿದ ಮೇಲೆ ಉಳಿಯುವುದೇನು? – ಡಿಜಿಟಲ್ ದಾಖಲೆಗಳ ಬಾಳಿಕೆಯ ಚರಿತ್ರೆ

ಬೆಂಗಳೂರು–ಚೆನ್ನೈ ರೈಲುಮಾರ್ಗದಲ್ಲಿ ಬಂಗಾರಪೇಟೆ ಒಂದು ಜಂಕ್ಷನ್. ಅಲ್ಲಿಂದ ಕವಲೊಡೆದ ಒಂದು ಚಿಕ್ಕ ಮಾರ್ಗ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1894ರಲ್ಲಿ ಈ ಮಾರ್ಗವನ್ನು ಹಾಕಿದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ರೈಲು ನಿಲ್ಲಲಿಲ್ಲ. ಇಂದಿಗೂ ಬೆಳಗಾಗುವ ಮುನ್ನವೇ ಕೆ.ಜಿ.ಎಫ್.ನ ಜನ ಈ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಗಣಿಯೊಡನೆ ಹುಟ್ಟಿದವುಗಳಲ್ಲಿ ಕೆಲವು ಉಳಿದವು, ಕೆಲವು ಅಳಿದವು. ಉಳಿದದ್ದು ಏಕೆ ಉಳಿಯಿತು, ಅಳಿದದ್ದು ಏಕೆ ಅಳಿಯಿತು? ಈ ಪ್ರಶ್ನೆ ಚಿನ್ನಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಿಮ್ಮ ಕಾಲೇಜಿನಲ್ಲಿ ಈಗ ನಡೆಯುತ್ತಿರುವ ಯಾವುದೇ ಡಿಜಿಟಲ್ ಯೋಜನೆಯನ್ನು ನೆನೆಯಿರಿ. ಅದು ಹಳೆಯ ಪುಸ್ತಕಗಳ ಸ್ಕ್ಯಾನ್ ಇರಬಹುದು, ಜಿಲ್ಲೆಯ ಮಳೆಯ ಲೆಕ್ಕ ಇರಬಹುದು, ಸಂಶೋಧನಾ ಪ್ರಬಂಧಗಳ ಭಂಡಾರ ಇರಬಹುದು. ಅನುದಾನ ಮುಗಿದ ಮೇಲೆ, ಅದನ್ನು ಕಟ್ಟಿದ ಅಧ್ಯಾಪಕರು ನಿವೃತ್ತರಾದ ಮೇಲೆ ಅದರ ಗತಿಯೇನು? ಅದು ಕೆಡದೆ, ಓದಲು ಬರುವಂತೆ, ಬಳಕೆಯಲ್ಲಿ ಉಳಿಯುವ ಗುಣವನ್ನು ಡಿಜಿಟಲ್ ಬಾಳಿಕೆ ಎನ್ನೋಣ. ಇದು ಬರಿಯ ಗಣಕದ ಪ್ರಶ್ನೆಯಲ್ಲ ಎಂಬುದನ್ನು ತಿಳಿಯಲು ಕೆ.ಜಿ.ಎಫ್.ನ ಗಣಿಯೊಳಕ್ಕೆ ಒಮ್ಮೆ ಇಳಿಯಬೇಕು.

ಕತ್ತಲೆಯಲ್ಲಿ ಮೂಡಿದ ಗೆರೆಗಳು

ಆಕಾಶದಿಂದ ಭೂಮಿಯ ಮೇಲೆ ಸದಾ ವಿಶ್ವಕಿರಣಗಳ ಮಳೆ ಸುರಿಯುತ್ತಿರುತ್ತದೆ. ಅವು ವಾತಾವರಣಕ್ಕೆ ಬಡಿದಾಗ ಮ್ಯೂಯಾನ್, ನ್ಯೂಟ್ರಿನೊ ಮೊದಲಾದ ಕಣಗಳು ಹುಟ್ಟುತ್ತವೆ. ಮ್ಯೂಯಾನ್‌ಗಳು ಬಂಡೆಯನ್ನು ತೂರಿಕೊಂಡು ಬಹಳ ಆಳಕ್ಕೆ ಇಳಿಯಬಲ್ಲವು. ಆದರೆ ಆಳ ಹೆಚ್ಚಿದಂತೆ ಅವುಗಳ ಸಂಖ್ಯೆ ಇಳಿಯುತ್ತದೆ. ನ್ಯೂಟ್ರಿನೊಗಳಿಗಾದರೋ ಇಡೀ ಭೂಮಿಯೂ ಅಡ್ಡಿಯಲ್ಲ. ಆದ್ದರಿಂದ ನ್ಯೂಟ್ರಿನೊವನ್ನು ಹಿಡಿಯಬೇಕಾದರೆ ಮ್ಯೂಯಾನ್‌ಗಳ ಗದ್ದಲ ತಲುಪದ ಆಳಕ್ಕೆ ಹೋಗಬೇಕು. ಅಂಥ ಆಳ ಕೆ.ಜಿ.ಎಫ್.ನಲ್ಲಿತ್ತು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತಲೂ ಆಳವಾದದ್ದು.

1950ರ ದಶಕದ ಆರಂಭದಲ್ಲಿ, ಹೋಮಿ ಭಾಭಾ ಅವರ ಪ್ರೇರಣೆಯಿಂದ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ವಿಜ್ಞಾನಿ ಬಿ.ವಿ. ಶ್ರೀಕಂಠನ್ ಉಪಕರಣಗಳೊಡನೆ ಈ ಗಣಿಗೆ ಇಳಿದರು. ನಂಜನಗೂಡಿನಲ್ಲಿ ಹುಟ್ಟಿದ ಶ್ರೀಕಂಠನ್ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಬೇರೆ ಬೇರೆ ಆಳಗಳಲ್ಲಿ ಮ್ಯೂಯಾನ್‌ಗಳನ್ನು ಎಣಿಸುವ ಕೆಲಸ 1960ರ ದಶಕದವರೆಗೂ ಸಾಗಿತು. ಅತಿ ಆಳದ ಹಂತದಲ್ಲಿ ವಾರಗಟ್ಟಲೆ ಕಾದರೂ ಒಂದೂ ಮ್ಯೂಯಾನ್ ಸಿಗಲಿಲ್ಲ. ಬೇರೊಬ್ಬರಿಗೆ ಇದು ನಿರಾಶೆಯ ಫಲಿತಾಂಶವಾಗುತ್ತಿತ್ತು. ಈ ತಂಡಕ್ಕೆ ಅದೇ ಶುಭ ಸುದ್ದಿ: ನ್ಯೂಟ್ರಿನೊ ಹುಡುಕಲು ತಕ್ಕ ನಿಶ್ಶಬ್ದ ಜಾಗ ಸಿಕ್ಕಿತ್ತು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರಹಂ ವಿಶ್ವವಿದ್ಯಾನಿಲಯ ಜೊತೆಗೂಡಿದವು. ಎಂ.ಜಿ.ಕೆ. ಮೆನನ್, ಪಿ.ವಿ. ರಮಣಮೂರ್ತಿ, ಶ್ರೀಕಂಠನ್, ವಿ.ಎಸ್. ನರಸಿಂಹಂ, ಜಪಾನಿನ ಎಸ್. ಮಿಯಾಕೆ, ಡರಹಂನ ಆರ್ನಲ್ಡ್ ವುಲ್ಫೆಂಡೇಲ್ ಈ ಕೆಲಸದಲ್ಲಿದ್ದ ಪ್ರಮುಖರು. ಸುಮಾರು 2.3 ಕಿ.ಮೀ. ಆಳದ ಸುರಂಗದಲ್ಲಿ ಎರಡು ಬಗೆಯ ಉಪಕರಣಗಳನ್ನು ಇಡಲಾಯಿತು. ಒಂದು, ವಿದ್ಯುದಾವೇಶವುಳ್ಳ ಕಣ ಹಾದಾಗ ಮಿನುಗುವ ಸಿಂಟಿಲೇಟರ್ ಫಲಕ. ಇನ್ನೊಂದು, ನಿಯಾನ್ ಅನಿಲ ತುಂಬಿದ ಗಾಜಿನ ನಳಿಗೆಗಳ ಸಾಲು. ಕಣ ಹಾದ ದಾರಿಯಲ್ಲಿನ ನಳಿಗೆಗಳು ಹೊಳೆಯುತ್ತವೆ. ಆ ಹೊಳಪನ್ನು ಕ್ಯಾಮೆರಾ ಫಿಲ್ಮಿನ ಮೇಲೆ ಹಿಡಿಯುತ್ತದೆ. ಕಣದ ಜಾಡು ಫಿಲ್ಮಿನಲ್ಲಿ ಗೆರೆಯಾಗಿ ಮೂಡುತ್ತದೆ.

1965ರ ಆಗಸ್ಟ್ 15ರ ಸಂಚಿಕೆಯಲ್ಲಿ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆ ಈ ತಂಡದ ವರದಿಯನ್ನು ಪ್ರಕಟಿಸಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಬಂಡೆಯಲ್ಲಿ ಉಂಟುಮಾಡಿದ ಕಣಗಳು ಕೆ.ಜಿ.ಎಫ್.ನಲ್ಲಿ ಸಿಕ್ಕಿದ್ದವು. ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ ಇದೇ ಹುಡುಕಾಟ ನಡೆಸಿದ್ದ ಫ್ರೆಡರಿಕ್ ರೈನ್ಸ್ ಅವರ ತಂಡದ ವರದಿ ಬಂದದ್ದು ಅದೇ ತಿಂಗಳ 30ರಂದು. ರೈನ್ಸ್ ತಂಡಕ್ಕೆ ಮೊದಲ ಘಟನೆ ದಾಖಲಾದದ್ದು ಇನ್ನೂ ಮುಂಚೆ, ಅದೇ ವರ್ಷದ ಫೆಬ್ರವರಿಯಲ್ಲಿ. ಆದರೆ ಮೊದಲು ಅಚ್ಚಾದದ್ದು ಕೋಲಾರದ ಫಲಿತಾಂಶ. ಇಂದು ಈ ಎರಡನ್ನೂ ಜೊತೆಯಾಗಿಯೇ ಸ್ಮರಿಸುತ್ತಾರೆ. ಹೀಗೆ ದಿನಾಂಕಗಳನ್ನು ಮುಂದಿಟ್ಟು ಮಾತಾಡಲು ನಮಗೆ ಸಾಧ್ಯವಾಗಿರುವುದು ದಾಖಲೆ ಉಳಿದಿರುವುದರಿಂದ ಎಂಬುದನ್ನು ಗಮನಿಸಿ.

ಹಳೆಯ ದಾಖಲೆಗೆ ಹೊಸ ಪ್ರಶ್ನೆ

ಕಥೆ ಅಲ್ಲಿಗೆ ಮುಗಿಯಲಿಲ್ಲ. 1975ರಲ್ಲಿ ಕೆ.ಜಿ.ಎಫ್. ತಂಡ ಕೆಲವು ವಿಚಿತ್ರ ಘಟನೆಗಳನ್ನು ವರದಿ ಮಾಡಿತು. ಎರಡು ಮೂರು ಜಾಡುಗಳು ಒಂದೇ ಬಿಂದುವಿನಿಂದ ಹೊರಟಂತೆ ಕಾಣುತ್ತಿದ್ದವು. ಆ ಬಿಂದು ಬಂಡೆಯೊಳಗೆ ಇರದೆ, ಬಂಡೆಗೂ ಉಪಕರಣಕ್ಕೂ ನಡುವಿನ ಜಾಗದಲ್ಲಿತ್ತು. ಯಾವುದೋ ಭಾರವಾದ, ಸ್ವಲ್ಪ ಕಾಲ ಬದುಕುವ ಹೊಸ ಕಣ ಅಲ್ಲಿ ಒಡೆದಿರಬಹುದೆ? ಈ ಘಟನೆಗಳಿಗೆ ‘ಕೋಲಾರ ಘಟನೆಗಳು’ ಎಂಬ ಹೆಸರೇ ಬಂತು. ಪ್ರೋಟಾನ್ ಕ್ಷಯವನ್ನು ಹುಡುಕಲು 1980ರಲ್ಲಿ ಅಲ್ಲೇ ಆರಂಭವಾದ 140 ಟನ್ ತೂಕದ ಡಿಟೆಕ್ಟರಿನಲ್ಲೂ ಇಂಥ ಕೆಲವು ಜಾಡುಗಳು ಕಂಡವು. ಹೊರದೇಶದ ಕಣವೇಗವರ್ಧಕಗಳಲ್ಲಿ ಹುಡುಕಿದಾಗ ಅಂಥದ್ದೇನೂ ಸಿಗಲಿಲ್ಲ. ವಿಷಯ ತಣ್ಣಗಾಯಿತು. 1992ರಲ್ಲಿ ಕೆ.ಜಿ.ಎಫ್.ನ ಪ್ರಯೋಗಗಳೂ ನಿಂತವು.

ಮೊದಲ ವರದಿ ಬಂದ 39 ವರ್ಷಗಳ ಮೇಲೆ, 2014ರಲ್ಲಿ, ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ‘ಪ್ರಮಾಣ’ ಪತ್ರಿಕೆಯಲ್ಲಿ ಈ ಹಳೆಯ ಘಟನೆಗಳನ್ನು ಮತ್ತೆ ಎತ್ತಿಕೊಂಡರು. ಅವು ಅದೃಶ್ಯ ದ್ರವ್ಯದ, ಅಂದರೆ ಡಾರ್ಕ್ ಮ್ಯಾಟರಿನ, ಕಣಗಳು ಒಡೆದದ್ದರ ಗುರುತಾಗಿರಬಹುದೆ ಎಂದು ಕೇಳಿದರು. ಇದು ಒಂದು ಊಹೆ ಮಾತ್ರ, ಸಿದ್ಧವಾದ ಸತ್ಯವಲ್ಲ. ಆದರೆ ಪ್ರಶ್ನೆಯನ್ನು ಕೇಳಲು ಸಾಧ್ಯವಾದದ್ದು ಏಕೆ? ಘಟನೆಗಳ ವಿವರ ಹಳೆಯ ಸಂಚಿಕೆಗಳಲ್ಲಿ ಅಚ್ಚಾಗಿ, ಗ್ರಂಥಾಲಯಗಳಲ್ಲಿ ಉಳಿದಿತ್ತು. ಡಾರ್ಕ್ ಮ್ಯಾಟರ್ 1975ರ ತಂಡದ ಪ್ರಶ್ನೆಯಾಗಿರಲಿಲ್ಲ. ದಾಖಲೆ ಮಾಡುವವರಿಗೆ ಮುಂದಿನವರು ಯಾವ ಪ್ರಶ್ನೆ ಕೇಳುತ್ತಾರೆಂದು ತಿಳಿದಿರುವುದಿಲ್ಲ. ಆದ್ದರಿಂದಲೇ ದಾಖಲೆ ಉಳಿಯಬೇಕು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. 2001ರಲ್ಲಿ ಗಣಿ ಮುಚ್ಚಿದಾಗ ನೀರೆತ್ತುವ ಪಂಪುಗಳೂ ನಿಂತವು. ಆಳದ ಹಂತಗಳಲ್ಲಿ ನೀರು ತುಂಬಿಕೊಂಡಿತು. ಅದೇ ಸುರಂಗದಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡುವ ದಾರಿ ಈಗ ಇಲ್ಲ. ಇಂಥ ಕಡೆ ಪ್ರಯೋಗಕ್ಕಿಂತ ದಾಖಲೆಯೇ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ.

ಹ್ಯಾಂಬರ್ಗಿನ ಟೇಪುಗಳು, ಇಂಗ್ಲೆಂಡಿನ ಮುದ್ರಿಕೆಗಳು

ಕೋಲಾರದ ದಾಖಲೆ ಮುಖ್ಯವಾಗಿ ಕಾಗದದ ಬಲದಿಂದ ಉಳಿಯಿತು. ದಾಖಲೆ ಗಣಕದಲ್ಲೇ ಹುಟ್ಟಿದ್ದರೆ ಏನಾಗುತ್ತದೆ? ಎರಡು ನಿದರ್ಶನ ನೋಡೋಣ.

ಜರ್ಮನಿಯ ಹ್ಯಾಂಬರ್ಗಿನಲ್ಲಿ 1979ರಿಂದ 1986ರವರೆಗೆ ‘ಜೇಡ್’ ಎಂಬ ಪ್ರಯೋಗ ನಡೆಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿ, ಹೊಮ್ಮಿದ ಕಣಗಳ ವಿವರವನ್ನು ಕಾಂತೀಯ ಟೇಪುಗಳಲ್ಲಿ ತುಂಬಿದ್ದರು. 1990ರ ದಶಕದಲ್ಲಿ ಕಣಗಳ ಪ್ರಬಲ ಬಲದ ಸಿದ್ಧಾಂತ ಬಹಳ ಮುಂದುವರಿಯಿತು. ಹೊಸ ಸಿದ್ಧಾಂತವನ್ನು ಪರೀಕ್ಷಿಸಲು ಜೇಡ್ ಪ್ರಯೋಗದ ಶಕ್ತಿಮಟ್ಟದ ದತ್ತಾಂಶವೇ ಬೇಕಾಯಿತು. ಹೊಸ ಯಂತ್ರಗಳೆಲ್ಲ ಇನ್ನೂ ಹೆಚ್ಚಿನ ಶಕ್ತಿಯಲ್ಲಿ ನಡೆಯುತ್ತಿದ್ದವು. ಕಡಿಮೆ ಶಕ್ತಿಯ ಹಳೆಯ ಯಂತ್ರ ಇರಲಿಲ್ಲ. ಸೀಗ್‌ಫ್ರೀಡ್ ಬೆಥ್ಕೆ ಎಂಬ ಭೌತವಿಜ್ಞಾನಿ ಮತ್ತು ಅವರ ಸಂಗಡಿಗರು ಟೇಪುಗಳನ್ನು ಹುಡುಕಿ ತೆಗೆದರು. ಹಳೆಯ ಫೋರ್‌ಟ್ರಾನ್ ಕ್ರಮವಿಧಿಗಳನ್ನು ಹೊಸ ಗಣಕಕ್ಕೆ ಹೊಂದಿಸಿದರು. ಅತಿಮುಖ್ಯವಾದ ಒಂದು ಕೋಷ್ಟಕದ ಕಡತ ಕಳೆದೇಹೋಗಿತ್ತು. ಅದರ ಕಾಗದದ ಮುದ್ರಿತ ಪ್ರತಿ ಸಿಕ್ಕಿದ್ದರಿಂದ ಅಂಕಿಗಳನ್ನು ಮತ್ತೆ ಗಣಕಕ್ಕೆ ಊಡಿಸಿದರು. ಈ ಸಾಹಸದಿಂದ ಹಲವು ಹೊಸ ಸಂಶೋಧನಾ ಪ್ರಬಂಧಗಳು ಬಂದವು. ಆದರೆ ಇದು ಅದೃಷ್ಟದ ಮೇಲೆ ನಿಂತ ಗೆಲುವು ಎಂಬುದನ್ನು ಮರೆಯಬಾರದು.

ಎರಡನೆಯದು ಶಾಲೆಗಳಿಗೆ ಸಂಬಂಧಿಸಿದ್ದು. 1086ರಲ್ಲಿ ಇಂಗ್ಲೆಂಡಿನ ದೊರೆ ತನ್ನ ರಾಜ್ಯದ ಭೂಮಿ, ಆಸ್ತಿಗಳ ಲೆಕ್ಕ ಬರೆಸಿದ. ಅದೇ ‘ಡೂಮ್ಸ್‌ಡೇ ಪುಸ್ತಕ’. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿ.ಬಿ.ಸಿ. ಹೊಸದೊಂದು ಡೂಮ್ಸ್‌ಡೇ ಸಿದ್ಧಪಡಿಸಿತು. ದೇಶದ ಶಾಲಾ ಮಕ್ಕಳು ತಮ್ಮ ತಮ್ಮ ಊರಿನ ವಿವರ ಬರೆದು, ಚಿತ್ರ ತೆಗೆದು ಕಳುಹಿಸಿದರು. ಎಲ್ಲವನ್ನೂ ಲೇಸರ್ ಮುದ್ರಿಕೆಗಳಲ್ಲಿ ತುಂಬಲಾಯಿತು. ಇನ್ನೂ ಇಪ್ಪತ್ತು ವರ್ಷ ಆಗುವ ಮೊದಲೇ ಆ ಮುದ್ರಿಕೆಯನ್ನು ಓದುವ ಯಂತ್ರಗಳು ಮಾಯವಾಗತೊಡಗಿದವು. ಚರ್ಮದ ಹಾಳೆಯ ಮೇಲೆ ಬರೆದ ಮೂಲ ಪುಸ್ತಕ ಮಾತ್ರ ಓದಲು ಬರುತ್ತಲೇ ಇತ್ತು! ಕೊನೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಒಂದು ಜಂಟಿ ಯೋಜನೆ, ಹಳೆಯ ಗಣಕದಂತೆ ನಟಿಸುವ ತಂತ್ರಾಂಶವನ್ನು ಬರೆದು, 2002ರಲ್ಲಿ ಅದನ್ನು ಮತ್ತೆ ತೆರೆದು ತೋರಿಸಿತು. 2011ರಲ್ಲಿ ಆ ವಿವರಗಳ ಬಹುಭಾಗ ಅಂತರಜಾಲಕ್ಕೆ ಬಂತು. 2018ರಲ್ಲಿ ಆ ತಾಣವೂ ಮುಚ್ಚಿತು. ಅದರ ಪ್ರತಿಯನ್ನು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಕಾಪಾಡಿಕೊಂಡಿದೆ. ಒಮ್ಮೆ ಉಳಿಸಿದರೆ ಸಾಲದು, ಮತ್ತೆ ಮತ್ತೆ ಉಳಿಸುತ್ತಿರಬೇಕು.

ಬಂಗಾರಪೇಟೆಯ ಎರಡು ಗೇಜುಗಳು

ಒಂದು ಕಡತ ಕಣ್ಣೆದುರಿಗೇ ಇದ್ದು, ಒಂದು ಅಕ್ಷರವೂ ಅಳಿಯದೆ ಇದ್ದು, ಓದಲಾಗದೆ ಹೋಗುವುದು ಹೇಗೆ? ಉತ್ತರಕ್ಕೆ ಮತ್ತೆ ಬಂಗಾರಪೇಟೆಗೆ ಬರೋಣ.

1913ರಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ರೈಲು ಬಂತು. ಆಗ ಈ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮದ್ರಾಸಿನ ಮಾರ್ಗ ಬ್ರಾಡ್‌ಗೇಜು, ಕೋಲಾರದ ಮಾರ್ಗ ನ್ಯಾರೋಗೇಜು. ಮದ್ರಾಸಿನಿಂದ ಬಂದ ಬೋಗಿಯಲ್ಲಿ ಏನೂ ದೋಷವಿಲ್ಲ, ಒಳಗಿನ ಸರಕೂ ಸರಿಯಾಗಿದೆ. ಆದರೂ ಅದು ಕೋಲಾರದ ಹಳಿಯ ಮೇಲೆ ಓಡದು. ಸರಕನ್ನು ಇಳಿಸಿ ಬೇರೆ ಬೋಗಿಗೆ ತುಂಬಬೇಕು. 1990ರ ದಶಕದಲ್ಲಿ ಕೋಲಾರದವರೆಗೆ ಬ್ರಾಡ್‌ಗೇಜು ಆಯಿತು. ಮುಂದಿನ ಚಿಕ್ಕಬಳ್ಳಾಪುರದ ಭಾಗ ಸಿದ್ಧವಾಗಲು 2013 ಬರಬೇಕಾಯಿತು. ಗೇಜು ಬದಲಾಯಿಸುವುದು ದುಬಾರಿ ಕೆಲಸ. ಆದರೆ ಬದಲಾಯಿಸದಿದ್ದರೆ ಆ ಮಾರ್ಗ ಉಳಿದ ದೇಶದಿಂದ ಬೇರೆಯಾಗಿಯೇ ಇರುತ್ತದೆ.

ಕನ್ನಡದ ಕಡತಗಳಿಗೂ ಇದೇ ಪಾಡು ಬಂದಿತ್ತು. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. 1990ರ ದಶಕದಲ್ಲಿ ಬಂದ ಕನ್ನಡ ಅಕ್ಷರಶೈಲಿಗಳು, ಅಂದರೆ ಫಾಂಟುಗಳು, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದ್ದವು. ಒಬ್ಬೊಬ್ಬ ತಯಾರಕರ ಜೋಡಣೆ ಒಂದೊಂದು ರೀತಿ. ಆ ಫಾಂಟು ಇರುವ ಗಣಕದಲ್ಲಿ ಕಡತ ಕನ್ನಡವಾಗಿ ಕಾಣುತ್ತದೆ. ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಕಾಲದಲ್ಲಿ ಬೆರಳಚ್ಚು ಮಾಡಿಸಿದ ಪ್ರಶ್ನಪತ್ರಿಕೆ ಅಥವಾ ಪ್ರಬಂಧವನ್ನು ಈಗ ತೆರೆದವರಿಗೆ ಈ ಅನುಭವ ಇದ್ದೇ ಇರುತ್ತದೆ.

ಯೂನಿಕೋಡ್ ಇದಕ್ಕೆ ಪರಿಹಾರ. ಅದರಲ್ಲಿ ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಸ್ಥಾನ. ‘ಕ’ ಅಕ್ಷರದ ಸಂಖ್ಯೆ 3221. ಕೋಲಾರದಲ್ಲೂ ಅಷ್ಟೇ, ಟೋಕಿಯೊದಲ್ಲೂ ಅಷ್ಟೇ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ನಮ್ಮ ಬಳಕೆಗೆ ಅದು ಚೆನ್ನಾಗಿ ಒದಗಲು ಇನ್ನೂ ಒಂದು ದಶಕಕ್ಕಿಂತ ಹೆಚ್ಚು ಹಿಡಿಯಿತು. ಆ ನಡುವಿನ ಕಾಲದ ಕಡತಗಳು ಇಂದು ನ್ಯಾರೋಗೇಜಿನ ಬೋಗಿಗಳು. ಪರಿವರ್ತಕ ತಂತ್ರಾಂಶಗಳು ಇರುವಾಗಲೇ ಅವನ್ನು ಯೂನಿಕೋಡಿಗೆ ತರುವುದು ಜಾಣತನ.

ನೀರೆತ್ತುವ ಪಂಪು

ಈಗ ಮುಖ್ಯ ವಿಷಯಕ್ಕೆ ಬರೋಣ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಅಲ್ಲಿಗೆ ಹಣ, ಯಂತ್ರ, ಜನ ಎಲ್ಲವೂ ಹರಿದುಬಂದವು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 148 ಕಿ.ಮೀ. ತಂತಿಯ ಮೂಲಕ ಕೆ.ಜಿ.ಎಫ್. ತಲುಪಿತು. ಕಲ್ಲು ಅರೆಯುವ ಯಂತ್ರ, ಜನರನ್ನು ಇಳಿಸಿ ಏರಿಸುವ ಯಂತ್ರ ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ್ದು ನೀರೆತ್ತುವ ಪಂಪು. ಬಂಡೆಯ ಬಿರುಕುಗಳಿಂದ ನೀರು ಹಗಲಿರುಳು ಒಸರುತ್ತದೆ. ಪಂಪು ಒಂದು ಗ್ರಾಂ ಚಿನ್ನವನ್ನೂ ಕೊಡುವುದಿಲ್ಲ. ಆದರೆ ಅದು ನಿಂತರೆ ಚಿನ್ನವೂ ಇಲ್ಲ, ಗಣಿಯೂ ಇಲ್ಲ.

ಡಿಜಿಟಲ್ ದಾಖಲೆಯ ನಿರ್ವಹಣೆ ಇಂಥದ್ದೇ ಪಂಪು. ಡಿಸ್ಕು ಕೆಡುತ್ತದೆ, ಬದಲಾಯಿಸಬೇಕು. ಕಡತದಲ್ಲಿ ಒಂದು ಬಿಟ್ ತಪ್ಪಿದರೂ ಗೊತ್ತಾಗುವಂತೆ ಪ್ರತಿ ಕಡತಕ್ಕೂ ಒಂದು ತಾಳೆ ಸಂಖ್ಯೆಯನ್ನು ಲೆಕ್ಕಹಾಕಿಟ್ಟು, ಕಾಲಕಾಲಕ್ಕೆ ತಾಳೆ ನೋಡಬೇಕು. ತಾಣದ ಹೆಸರಿಗೆ ಶುಲ್ಕ ಕಟ್ಟಬೇಕು. ತಂತ್ರಾಂಶದ ಹೊಸ ಆವೃತ್ತಿ ಹಾಕಬೇಕು. ಇದರಲ್ಲಿ ಉದ್ಘಾಟನೆ ಮಾಡುವಂಥದ್ದು ಏನೂ ಇಲ್ಲ. ಅನುದಾನ ಕೊಡುವವರು ಶಾಫ್ಟ್ ತೋಡಲು ಕೊಡುತ್ತಾರೆ. ಪಂಪಿಗೆ ಕೊಡುವವರು ಕಡಿಮೆ.

ಖರ್ಚು ಎಲ್ಲಿ ಬೀಳುತ್ತದೆ ಎಂದು ನೀವೇ ಲೆಕ್ಕ ಹಾಕಿ ನೋಡಬಹುದು. ಒಂದು ಎ-4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 × 3508 ಚುಕ್ಕೆಗಳು. ಒಂದೊಂದಕ್ಕೆ 3 ಬೈಟ್‌ನಂತೆ ಸುಮಾರು 26 ಮೆಗಾಬೈಟ್. 10,000 ಹಾಳೆಗೆ 260 ಗಿಗಾಬೈಟ್. ಮೂರು ಪ್ರತಿ ಇಟ್ಟರೂ ಒಂದು ಟೆರಾಬೈಟಿಗಿಂತ ಕಡಿಮೆ. ಅಂದರೆ ಜಾಗ ದೊಡ್ಡ ಖರ್ಚಲ್ಲ. ಇನ್ನು, ಪ್ರತಿ ಹಾಳೆಯಲ್ಲಿ ಏನಿದೆ, ಯಾವ ವರ್ಷದ್ದು, ಯಾರು ಬರೆದದ್ದು ಎಂದು ಗುರುತಿಸಿ ಬರೆಯಲು 3 ನಿಮಿಷ ಬೇಕೆಂದುಕೊಳ್ಳಿ. 10,000 ಹಾಳೆಗೆ 500 ಗಂಟೆ. ದಿನಕ್ಕೆ 6 ಗಂಟೆಯಂತೆ ಒಬ್ಬರಿಗೆ 83 ದಿನಗಳ ಕೆಲಸ. ದುಬಾರಿಯಾದದ್ದು ಡಿಸ್ಕಲ್ಲ, ತಿಳಿದ ಮನುಷ್ಯನ ಸಮಯ.

ಮೈಸೂರು, ಬೆಂಗಳೂರುಗಳ ಪಾಠ

ಕರ್ನಾಟಕದ ವಿಶ್ವವಿದ್ಯಾನಿಲಯಗಳು ಈ ದಾರಿಯಲ್ಲಿ ಬೇಗನೆ ಹೆಜ್ಜೆ ಇಟ್ಟವು. ಸಂಶೋಧನಾ ವಿದ್ಯಾರ್ಥಿಗಳ ಮಹಾಪ್ರಬಂಧಗಳು ಗ್ರಂಥಾಲಯದ ಮೂಲೆಯಲ್ಲಿ ಒಂದೆರಡು ಪ್ರತಿಗಳಾಗಿ ಉಳಿದುಬಿಡುತ್ತಿದ್ದವು. ಇವನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆಯಬೇಕೆಂದು 2000ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಯೋಜನೆ ಆರಂಭವಾಯಿತು. ಮೊದಲು ನೆರವಾದದ್ದು ಕೇಂದ್ರ ಸರ್ಕಾರದ ನಿಸ್ಸಾಟ್ ಕಾರ್ಯಕ್ರಮ. ಬಳಿಕ ಫೋರ್ಡ್ ಪ್ರತಿಷ್ಠಾನ ಮೊದಲಾದವು ಕೈಜೋಡಿಸಿದವು. ಕನ್ನಡ, ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲೇ, ಯೂನಿಕೋಡಿನಲ್ಲೇ ದಾಖಲಿಸಲು ಈ ಯೋಜನೆ ಆಗಲೇ ಕೈಹಾಕಿತ್ತು.

2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಒಂದು ನಿಯಮ ಮಾಡಿತು: ಪಿಎಚ್.ಡಿ. ಪ್ರಬಂಧದ ಡಿಜಿಟಲ್ ಪ್ರತಿಯನ್ನು ಕೊಡುವುದು ಕಡ್ಡಾಯ. ಆ ಪ್ರತಿಗಳನ್ನು ಗುಜರಾತಿನ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರ ಸಂಗ್ರಹಿಸುತ್ತದೆ. ಇಲ್ಲಿ ನಡೆದದ್ದನ್ನು ಗಮನಿಸಿ. ಒಂದು ವಿಭಾಗದ ಉತ್ಸಾಹದ ಯೋಜನೆಯಾಗಿದ್ದ ಕೆಲಸ ದೇಶದ ನಿಯಮವಾಯಿತು. ಅದನ್ನು ಮಾಡಲು ಒಂದು ಕಾಯಂ ಸಂಸ್ಥೆ ಇತ್ತು. ಬಾಳಿಕೆ ಬಂದದ್ದು ಇದರಿಂದ.

2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತನ್ನ ವಿಜ್ಞಾನಿಗಳ ಪ್ರಬಂಧಗಳಿಗಾಗಿ ಒಂದು ಮುಕ್ತ ಭಂಡಾರ ತೆರೆಯಿತು. ದೇಶದಲ್ಲಿ ಅಂಥ ಮೊದಲನೆಯದು ಅದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ‘ಇಪ್ರಿಂಟ್ಸ್’ ತಂತ್ರಾಂಶವನ್ನು ಅದಕ್ಕೆ ಬಳಸಿದರು. ಭಂಡಾರವನ್ನು ಕಟ್ಟಿದ್ದು ಸಂಸ್ಥೆಯೊಳಗಿನ ವಿಜ್ಞಾನ ಮಾಹಿತಿ ಕೇಂದ್ರ. ಆ ಕೇಂದ್ರ ಮುಂದೆ ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯದಲ್ಲಿ ಸೇರಿಹೋಯಿತು. ಆದರೂ ಭಂಡಾರ ನಿಲ್ಲಲಿಲ್ಲ. ಗ್ರಂಥಾಲಯ ಅದನ್ನು ತನ್ನ ದಿನನಿತ್ಯದ ಕೆಲಸವಾಗಿ ವಹಿಸಿಕೊಂಡಿತು.

ಇದೇ ವಿಜ್ಞಾನ ಸಂಸ್ಥೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಜೊತೆಗೂಡಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಯೋಜನೆಯ ಭಾರತದ ಭಾಗವನ್ನೂ ನಡೆಸಿತು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಆ ಭಂಡಾರದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿದ್ದವು. ಅದರ ಮೂಲ ತಾಣಗಳು ಈಗ ಕೆಲಸ ಮಾಡುತ್ತಿಲ್ಲ. ಆದರೆ ಪುಸ್ತಕಗಳ ಪ್ರತಿಗಳು ‘ಇಂಟರ್‌ನೆಟ್ ಆರ್ಕೈವ್’ ತಾಣದಲ್ಲಿವೆ. ನೀವು ಇಂದೇ ತೆರೆದು ಓದಬಹುದು. ಒಂದು ಮನೆಯ ದೀಪ ಆರಿದರೂ ಇನ್ನೊಂದು ಮನೆಯಲ್ಲಿ ಬೆಳಕಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1999ರಲ್ಲಿ ಆರಂಭವಾದ ‘ಲಾಕ್ಸ್’ ಯೋಜನೆಯ ಹೆಸರಿನ ಅರ್ಥವೇ ಇದು: ಪ್ರತಿ ಹೆಚ್ಚಿದ್ದಷ್ಟೂ ವಸ್ತು ಸುರಕ್ಷಿತ.

ಈ ಮೂರರಿಂದ ಮೂರು ಪಾಠ ಸಿಗುತ್ತವೆ. ಯೋಜನೆ ನಿಯಮವಾಗಬೇಕು. ಕಟ್ಟಿದವರು ಹೋದ ಮೇಲೆ ವಹಿಸಿಕೊಳ್ಳುವ ಕಾಯಂ ಸಂಸ್ಥೆ ಬೇಕು. ಪ್ರತಿಗಳು ಬೇರೆ ಬೇರೆ ಕಡೆ, ಬೇರೆ ಬೇರೆಯವರ ವಶದಲ್ಲಿ ಇರಬೇಕು. ಇದಕ್ಕೆ ಮಾರಿಕುಪ್ಪಂ ರೈಲಿನ ಪಾಠವನ್ನೂ ಸೇರಿಸಿ: ಮೊದಲ ಉದ್ದೇಶ ಮುಗಿದ ಮೇಲೂ ಬಳಸುವವರಿದ್ದರೆ ಅದು ಬದುಕುತ್ತದೆ.

ನೀವು ಮಾಡಬಹುದಾದದ್ದು

ಕೆ.ಜಿ.ಎಫ್., ಬಂಗಾರಪೇಟೆಗಳ ಕಾಲೇಜುಗಳು ಇಂದು 2017ರಲ್ಲಿ ಸ್ಥಾಪನೆಯಾದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. ಅದರ ಕೇಂದ್ರ ಕೋಲಾರದ ಟಮಕದಲ್ಲಿದೆ. 120 ವರ್ಷಗಳ ಗಣಿಯ ಚರಿತ್ರೆ ಇದರ ಅಂಗಳದಲ್ಲೇ ಇದೆ. ಗಣಿ ಕುಟುಂಬಗಳ ಪೆಟ್ಟಿಗೆಗಳಲ್ಲಿ ಹಾಜರಿ ಚೀಟಿ, ಫೋಟೊ, ಸಂಘಗಳ ಕರಪತ್ರ ಇರಬಹುದು. ಅವು ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಹೀಗೆ ಬೇರೆ ಬೇರೆ ಭಾಷೆಯಲ್ಲಿರಬಹುದು. ಬಂಡೆ ಸಿಡಿತ ಎಂಬ ಅಪಾಯವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸುವುದು ಇಂದು ಕಷ್ಟವಲ್ಲ. ಅದನ್ನು 30 ವರ್ಷ ಉಳಿಸುವುದು ಕಷ್ಟ.

ಅಂಥ ಕೆಲಸಕ್ಕೆ ಹೊರಡುವ ಅಧ್ಯಾಪಕರು ಮೊದಲ ದಿನವೇ ಐದು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು. ಅನುದಾನ ಮುಗಿದ ಮರುವರ್ಷ ಖರ್ಚು ಯಾರದು? ನಾನು ವರ್ಗವಾದರೆ ಇದು ಯಾವ ಹುದ್ದೆಯ ಕರ್ತವ್ಯ? ಕಡತಗಳು ಎಲ್ಲರೂ ತೆರೆಯಬಲ್ಲ ಮುಕ್ತ ನಮೂನೆಯಲ್ಲಿವೆಯೆ, ಪಠ್ಯವೆಲ್ಲ ಯೂನಿಕೋಡಿನಲ್ಲಿದೆಯೆ? ಮೂರು ಪ್ರತಿಗಳಿವೆಯೆ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿದೆಯೆ? ಮಾತಾಡಿದವರ, ಫೋಟೊ ಕೊಟ್ಟವರ ಒಪ್ಪಿಗೆ ಬರಹದಲ್ಲಿದೆಯೆ? ಈ ಉತ್ತರಗಳನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯದೊಡನೆ ಲಿಖಿತ ಒಪ್ಪಂದವಾಗಿ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳಿಗೂ ಒಂದು ಕೆಲಸ ಇದೆ. ನಿಮ್ಮ ಕಾಲೇಜಿನ ಗಣಕದಲ್ಲಿ 2005ಕ್ಕಿಂತ ಹಿಂದಿನ ಒಂದು ಕನ್ನಡ ಕಡತವನ್ನು ಹುಡುಕಿ. ಅದು ತೆರೆಯುತ್ತದೆಯೆ ನೋಡಿ. ತೆರೆದರೆ ಓದಲು ಬರುತ್ತದೆಯೆ? ಬಾರದಿದ್ದರೆ ಅದು ಯಾವ ಫಾಂಟಿನಲ್ಲಿದೆ ಎಂದು ಪತ್ತೆ ಮಾಡಿ, ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನೂ ಹೊಸದನ್ನೂ ಜೊತೆಯಾಗಿ ಇಡಿ. ಏನು ಮಾಡಿದಿರೆಂದು ಒಂದು ಪುಟದಲ್ಲಿ ಬರೆದಿಡಿ. ಮೇಲೆ ಹೇಳಿದ ಹ್ಯಾಂಬರ್ಗಿನ ಕೆಲಸದ ಒಂದು ಚಿಕ್ಕ ಮಾದರಿ ಇದು.

1965ರ ಆ ತಂಡಕ್ಕೆ ಬೇಕಾದ ನಿಶ್ಶಬ್ದವನ್ನು ಕೊಟ್ಟದ್ದು 2.3 ಕಿ.ಮೀ. ಬಂಡೆ. ಆ ಜಾಗವನ್ನು ಒಣಗಿಸಿ ಇಟ್ಟದ್ದು ಪಂಪು. ಆ ಪಂಪನ್ನು ನಡೆಸಿದವರು ಪಾಳಿಯ ಮೇಲೆ ಕೆಲಸಕ್ಕೆ ಬರುತ್ತಿದ್ದ ಗಣಿಯ ನೌಕರರು. ಅವರ ಹೆಸರು ಯಾವ ಸಂಶೋಧನಾ ಪ್ರಬಂಧದ ಶಿರೋಭಾಗದಲ್ಲೂ ಇಲ್ಲ. ವಿಶ್ವವಿದ್ಯಾನಿಲಯದ ಡಿಜಿಟಲ್ ಭಂಡಾರವನ್ನು ವರ್ಷವರ್ಷವೂ ತಾಳೆ ನೋಡುವ ಗ್ರಂಥಪಾಲಕರ ಕೆಲಸವೂ ಅಂಥದ್ದೇ. ನಿಮ್ಮ ಮುಂದಿನ ಯೋಜನೆಯ ಅಂದಾಜುಪಟ್ಟಿಯಲ್ಲಿ ಅವರಿಗೊಂದು ಸಾಲು ಬರೆಯಿರಿ.